ಕೂಸು ಎತ್ತಿಕೊಂಡೇ ಮಡಿಕೇರಿಯ ಹೆಂಗಸರ ಚರಿತ್ರೆ ನಡೆದು ನೋಡುವುದು ಹೇಗೆ?

ಪ್ರಶ್ನೆ: ನಾನು ಮಡಿಕೇರಿಯವಳು. ಮಗಳಿಗೆ ಈಗ ಏಳು ತಿಂಗಳು. ಹೆರಿಗೆಗೆ ಮುಂಚೆ ಹೋಂಸ್ಟೇಗೆ ಬಂದವರಿಗೆ ಊರು ತೋರಿಸುವ ಕೆಲಸ ಮಾಡುತ್ತಿದ್ದೆ. ಈಗ ನನ್ನಂಥ ಚಿಕ್ಕ ಮಕ್ಕಳ ತಾಯಂದಿರು ಮಗುವನ್ನು ಎತ್ತಿಕೊಂಡೇ ಬರಬಹುದಾದ ನಡಿಗೆ ಶುರು ಮಾಡಬೇಕು ಅಂತ ಆಸೆ. ವಿಷಯ ಈ ಊರಿನ ಹೆಂಗಸರ ಬದುಕು. ಆದರೆ ಎಲ್ಲಿ ನೋಡಿದರೂ ರಾಜರ ಕಥೆಯೇ ಸಿಗುತ್ತದೆ. ಹೆಂಗಸರ ಕಥೆ ಎಲ್ಲಿಂದ ತರಲಿ? ಯಾವ ದಾರಿ, ಎಷ್ಟು ಹೊತ್ತು? ಮಗು ಅತ್ತರೆ ಏನು ಮಾಡಲಿ? "ಈ ಏರುತಗ್ಗಿನ ಊರಲ್ಲಿ, ಈ ಚಳೀಲಿ, ಕೂಸು ಕಟ್ಟಿಕೊಂಡು ಯಾರು ಬರ್ತಾರೆ?" ಅನ್ನುತ್ತಾರೆ ನಮ್ಮ ಅತ್ತೆ.

ಉತ್ತರ: ನಿಮ್ಮ ಅತ್ತೆಯವರಿಂದಲೇ ಶುರು ಮಾಡೋಣ. ಮೊದಲ ನಡಿಗೆಗೆ ಅವರನ್ನೇ ಕರೆದುಕೊಂಡು ಬನ್ನಿ. ಒಪ್ಪಿಸುವುದಕ್ಕಲ್ಲ, ಮಾತಾಡಿಸುವುದಕ್ಕೆ. ಹೆಂಗಸರ ಕಥೆ ಎಲ್ಲಿಂದ ತರಲಿ ಅಂತ ಕೇಳಿದ್ದೀರಲ್ಲ, ಅದರಲ್ಲಿ ಅರ್ಧ ನಿಮ್ಮ ಮನೆಯ ಅಡುಗೆಕೋಣೆಯಲ್ಲೇ ಇದೆ. ಇನ್ನರ್ಧ ಕೋಟೆಯಲ್ಲಿ, ರಾಜರ ಸಮಾಧಿಗಳಿರುವ ಗದ್ದಿಗೆಯಲ್ಲಿ, ಸಂತೆಯಲ್ಲಿ, ಕಾಫಿ ತೋಟದಲ್ಲಿ ಇದೆ.

ನಾನು ಇಂಥ ನಡಿಗೆಗಳನ್ನು ಸುಮಾರು ವರ್ಷಗಳಿಂದ ಮಾಡಿಸುತ್ತಾ ಬಂದಿದ್ದೇನೆ. ಮೊದಲ ಸಲ ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಅದನ್ನು ಮಾಡುವುದು ಬೇಡ. ಅವತ್ತು ಎಂಟು ಜನ ತಾಯಂದಿರು ಬಂದಿದ್ದರು. ನಾನು ದೊಡ್ಡವರಿಗೆ ಮಾಡಿಸುತ್ತಿದ್ದ ದಾರಿಯನ್ನೇ ಹಿಡಿದೆ. ಕೋಟೆ, ಓಂಕಾರೇಶ್ವರ, ಅಲ್ಲಿಂದ ಗದ್ದಿಗೆ, ಕೊನೆಗೆ ರಾಜಾಸೀಟು. ಗದ್ದಿಗೆ ಕಡೆಗೆ ಏರು ಹತ್ತುವಾಗ ಐದು ತಿಂಗಳ ಒಂದು ಮಗುವಿಗೆ ಹಸಿವಾಯಿತು. ಸುತ್ತಮುತ್ತ ಕೂರಲು ಒಂದು ಕಟ್ಟೆ ಕೂಡ ಇರಲಿಲ್ಲ. ಆ ತಾಯಿ ನಿಂತಿದ್ದ ಜೀಪಿನ ಮರೆಯಲ್ಲಿ, ನಿಂತುಕೊಂಡೇ ಹಾಲು ಕುಡಿಸಿದಳು. ಅವಳ ತಂಗಿ ಕೊಡೆ ಬಿಡಿಸಿ ಅಡ್ಡ ಹಿಡಿದಿದ್ದಳು. ನಾನು ಅಷ್ಟು ದೂರದಲ್ಲಿ ನಿಂತು ಲಿಂಗರಾಜೇಂದ್ರ ಯಾವಾಗ ಪಟ್ಟಕ್ಕೆ ಬಂದ ಅಂತ ಹೇಳುತ್ತಾ ಇದ್ದೆ. ಆ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹೆಂಗಸರ ಚರಿತ್ರೆ ಹೇಳಲು ಹೊರಟವಳು ಎದುರಿಗಿದ್ದ ಹೆಂಗಸನ್ನೇ ನೋಡಿರಲಿಲ್ಲ.

ಅವತ್ತಿನಿಂದ ನಾನು ದಾರಿಯನ್ನು ತಿರುಗುಮುರುಗಾಗಿ ಹುಡುಕುತ್ತೇನೆ. ಮೊದಲು ಕೂರುವ ಜಾಗ, ಆಮೇಲೆ ಕಥೆ. ಎಲ್ಲಿ ನೆರಳಿದೆ, ಎಲ್ಲಿ ಗಾಳಿ ಬೀಸುವುದಿಲ್ಲ, ಎಲ್ಲಿ ಬೆನ್ನಿಗೆ ಒರಗಲು ಗೋಡೆ ಇದೆ, ಎಲ್ಲಿ ನಲ್ಲಿ ಇದೆ, ಎಲ್ಲಿ ಬಟ್ಟೆ ಬದಲಿಸಬಹುದು. ಇದನ್ನೆಲ್ಲ ಗುರುತು ಮಾಡಿಕೊಂಡು, ಆ ಜಾಗಗಳ ನಡುವೆ ದಾರಿ ಹಾಕಿ. ನಿಮ್ಮ ಮಗಳನ್ನು ಎತ್ತಿಕೊಂಡು ನೀವೇ ಎರಡು ಸಲ ನಡೆದು ನೋಡಿ. ನಿಮ್ಮ ತೋಳು ಎಲ್ಲಿ ನೋಯುತ್ತದೋ ಅಲ್ಲೇ ಒಂದು ಕಥೆ ಬೇಕು.

ಎಷ್ಟು ಹೊತ್ತು ಅಂದರೆ ಒಂದೂವರೆ ಗಂಟೆ, ಅದಕ್ಕಿಂತ ಜಾಸ್ತಿ ಬೇಡ. ಅದರಲ್ಲಿ ನಡೆಯುವುದು ಅರ್ಧ ಗಂಟೆ, ಉಳಿದದ್ದು ಕೂರುವುದು. ಒಂದು ಸಲಕ್ಕೆ ಆರು ತಾಯಂದಿರು ಸಾಕು. ಅವರ ಜೊತೆ ಅಜ್ಜಿ, ತಂಗಿ, ಗಂಡ ಯಾರು ಬಂದರೂ ಬರಲಿ. ಬೆಳಿಗ್ಗೆ ಹತ್ತು ಗಂಟೆ ಒಳ್ಳೆಯ ಹೊತ್ತು. ಅಷ್ಟರಲ್ಲಿ ಮಂಜು ಬಿಟ್ಟಿರುತ್ತದೆ, ಮಕ್ಕಳ ಸ್ನಾನ ಮುಗಿದಿರುತ್ತದೆ. ಸ್ನಾನ ಆದ ಮೇಲೆ ಕೂಸು ಒಂದು ನಿದ್ದೆ ಮಾಡುತ್ತದೆ ಅಲ್ವಾ, ಆ ನಿದ್ದೆ ನಿಮ್ಮ ಹೆಗಲ ಮೇಲೆ ಆಗಲಿ.

ಈಗ ದಾರಿ. ನನ್ನ ಮಾತು ಕೇಳುವುದಾದರೆ ಮೊದಲ ನಡಿಗೆ ಕೋಟೆಯಲ್ಲಿ ಶುರುವಾಗಿ ಓಂಕಾರೇಶ್ವರ ದೇವಸ್ಥಾನದ ಕೆರೆಯ ಹತ್ತಿರ ಮುಗಿಯಲಿ. ಕೋಟೆ ಊರಿನ ನಡುವೆ ಇದೆ, ದೇವಸ್ಥಾನ ತಗ್ಗಿನಲ್ಲಿದೆ. ಹಾಗಾಗಿ ದಾರಿ ಪೂರ್ತಿ ಇಳಿಜಾರು. ವಾಪಸ್ ಹತ್ತುವುದಕ್ಕೆ ಆಟೋ ಹೇಳಿಡಿ. ಆಟೋ ಖರ್ಚನ್ನು ನಡಿಗೆಯ ಹಣದಲ್ಲೇ ಸೇರಿಸಿ, ಆಮೇಲೆ ಯಾರೂ ಚಿಲ್ಲರೆ ಹುಡುಕುವ ಹಾಗೆ ಆಗಬಾರದು.

ಕೋಟೆಯೊಳಗೆ ಎರಡು ಆನೆಗಳಿವೆ, ನಿಮಗೆ ಗೊತ್ತೇ ಇದೆ. ಗಾರೆಯ ಆನೆಗಳು, ನಿಜದ ಆನೆಯಷ್ಟೇ ಎತ್ತರ. ಎಂಟು ತಿಂಗಳು ದಾಟಿದ ಮಕ್ಕಳು ಅದನ್ನು ಕಂಡರೆ ಕೈ ಚಾಚುತ್ತವೆ. ಅಲ್ಲಿ ಐದು ನಿಮಿಷ ಸುಮ್ನೆ ಬಿಟ್ಟುಬಿಡಿ, ಏನೂ ಹೇಳಬೇಡಿ. ಮಕ್ಕಳು ನೋಡಲಿ, ತಾಯಂದಿರು ಒಬ್ಬರನ್ನೊಬ್ಬರು ಪರಿಚಯ ಮಾಡಿಕೊಳ್ಳಲಿ. ಮೊದಲ ಸಲ ತಾಯಿಯಾದವಳಿಗೆ ಎಷ್ಟೋ ದಿನ ಮನೆಯವರ ಮುಖ ಬಿಟ್ಟರೆ ಬೇರೆ ಮುಖ ಕಂಡಿರುವುದಿಲ್ಲ. ಅವಳಿಗೆ ಆ ಐದು ನಿಮಿಷದ ಮಾತು ಚರಿತ್ರೆಗಿಂತ ದೊಡ್ಡದು.

ಆಮೇಲೆ ನೆರಳಲ್ಲಿ ಕೂರಿಸಿ. ಕೋಟೆಯ ಕಥೆಯನ್ನು ಎರಡು ಮಾತಿನಲ್ಲಿ ಮುಗಿಸಿ. 1681ರಲ್ಲಿ ಮುದ್ದುರಾಜ ಇಲ್ಲಿ ರಾಜಧಾನಿ ಮಾಡಿದ, ಮುದ್ದುರಾಜನ ಕೇರಿಯೇ ಮಡಿಕೇರಿ ಆಯಿತು. ಮಣ್ಣಿನ ಕೋಟೆ ಟಿಪ್ಪುವಿನ ಕಾಲಕ್ಕೆ ಕಲ್ಲಿನದಾಯಿತು. 1812ರಿಂದ 1814ರ ನಡುವೆ ಎರಡನೇ ಲಿಂಗರಾಜೇಂದ್ರ ಅರಮನೆಯನ್ನು ಹೊಸದು ಮಾಡಿದ. ಇಷ್ಟು ಸಾಕು. ಈಗ ಕೇಳಬೇಕಾದ ಪ್ರಶ್ನೆ ಬೇರೆ. ಆ ಅರಮನೆಯೊಳಗೆ ಯಾರಿದ್ದರು?

ಇಲ್ಲಿ ನಿಮಗೆ ಮೂರು ದೇವಮ್ಮಾಜಿಯರು ಸಿಗುತ್ತಾರೆ. ಹೆಚ್ಚಿನವರು ಮೂವರನ್ನೂ ಕಲಸಿಬಿಡುತ್ತಾರೆ. ನೀವು ಬಿಡಿಸಿ ಹೇಳಿದರೆ ಅದೇ ಒಂದು ದೊಡ್ಡ ಕೆಲಸ.

ಮೊದಲನೆಯವಳು ಮಗಳು. ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಮಹದೇವಮ್ಮಾಜಿಯನ್ನು 1796ರಲ್ಲಿ ನಾಲ್ಕುನಾಡು ಅರಮನೆಯಲ್ಲಿ ಮದುವೆಯಾದ. ಆ ರಾಣಿಗೆ ಹುಟ್ಟಿದ್ದೆಲ್ಲ ಹೆಣ್ಣುಮಕ್ಕಳು. 1807ರಲ್ಲಿ ರಾಣಿ ತೀರಿಹೋದಳು. ರಾಜ ತನ್ನ ಹಿರಿಯ ಮಗಳು ದೇವಮ್ಮಾಜಿಗೇ ಪಟ್ಟ ಆಗಬೇಕು ಅಂತ ಹಟ ಹಿಡಿದ. ಈಸ್ಟ್ ಇಂಡಿಯಾ ಕಂಪನಿಯ ಒಪ್ಪಿಗೆಯನ್ನೂ ಕೇಳಿ ಪಡೆದ. 1809ರಲ್ಲಿ ಅವನು ತೀರಿಕೊಂಡಾಗ ಆ ಚಿಕ್ಕ ಹುಡುಗಿ ಕೊಡಗಿನ ರಾಣಿಯಾದಳು. ಹೆಸರಿಗೆ ಅವಳು, ಆಡಳಿತ ಚಿಕ್ಕಪ್ಪ ಲಿಂಗರಾಜೇಂದ್ರನದು. 1811ರಲ್ಲಿ ಚಿಕ್ಕಪ್ಪನೇ ಪಟ್ಟ ಹತ್ತಿದ. ಮುಂದೆ ಅವನ ಮಗ ಚಿಕ್ಕವೀರರಾಜೇಂದ್ರನ ಕಾಲದಲ್ಲಿ ಅವಳ ಕೊಲೆಯಾಯಿತು.

ಇಲ್ಲಿ ಒಂದು ಎಚ್ಚರಿಕೆ. ಕೊಲೆಯಾಯಿತು ಅಂತ ಹೇಳಿ, ಹೇಗೆ ಅಂತ ಬಣ್ಣಿಸಬೇಡಿ. ಹೆತ್ತು ಆರೇಳು ತಿಂಗಳಾದ ಹೆಂಗಸಿನ ಮನಸ್ಸು ಬಹಳ ಮೆದು. ಮಕ್ಕಳಿಗೆ ಆದ ಕೆಡುಕಿನ ಮಾತು ಅವಳ ಜೊತೆ ಮನೆಗೂ ಹೋಗುತ್ತದೆ, ರಾತ್ರಿ ನಿದ್ದೆ ಕೆಡಿಸುತ್ತದೆ. ಸುಳ್ಳು ಹೇಳುವುದು ಬೇಡ, ಮರೆಸುವುದೂ ಬೇಡ. ಒಂದು ವಾಕ್ಯ ಹೇಳಿ ಸುಮ್ಮನಾಗಿ. ಕೇಳಿದರೆ ಆಮೇಲೆ ಬೇರೆಯಾಗಿ ಹೇಳಿದರಾಯಿತು. ಇದೇ ಕಾರಣಕ್ಕೆ "ನಿಮಗೆ ಎಷ್ಟು ಮಕ್ಕಳು" ಅಂತಲೂ ಯಾರನ್ನೂ ಕೇಳಬೇಡಿ. ಒಂದನ್ನು ಕಳೆದುಕೊಂಡು ಇನ್ನೊಂದನ್ನು ಎತ್ತಿಕೊಂಡು ಬಂದವಳು ಆ ಗುಂಪಿನಲ್ಲಿ ಇರಬಹುದು.

ಎರಡನೆಯ ದೇವಮ್ಮಾಜಿ ಲಿಂಗರಾಜೇಂದ್ರನ ರಾಣಿ. ಅವಳು ಇವತ್ತು ಗದ್ದಿಗೆಯಲ್ಲಿ ಗಂಡನ ಜೊತೆ ಮಲಗಿದ್ದಾಳೆ. ಮೂರನೆಯವಳು ಅವಳ ಮಗಳು, ಅಂದರೆ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ತಂಗಿ. ಅಣ್ಣನ ಮೇಲಿನ ಭಯಕ್ಕೆ 1832ರಲ್ಲಿ ಗಂಡ ಚೆನ್ನಬಸಪ್ಪನ ಜೊತೆ ಕೊಡಗು ಬಿಟ್ಟು ಓಡಿ, ಮೈಸೂರಿನಲ್ಲಿದ್ದ ಬ್ರಿಟಿಷ್ ರೆಸಿಡೆಂಟನ ಆಶ್ರಯ ಕೇಳಿದಳು. ಅವರನ್ನು ವಾಪಸ್ ಕಳಿಸಿ ಅಂತ ರಾಜ, ಕಳಿಸುವುದಿಲ್ಲ ಅಂತ ಕಂಪನಿ. ಆ ಜಗಳ ಬೆಳೆಯುತ್ತಾ ಹೋಯಿತು, 1834ರ ಏಪ್ರಿಲ್‌ನಲ್ಲಿ ಕಂಪನಿಯ ಸೈನ್ಯ ಇದೇ ಕೋಟೆಗೆ ಬಂತು. ರಾಜ್ಯ ಹೋಗಿದ್ದಕ್ಕೆ ಕಾರಣ ಹೇಳುವಾಗ ಎಲ್ಲರೂ ರಾಜನ ಕಥೆ ಹೇಳುತ್ತಾರೆ. ತವರಿನಿಂದ ಓಡಿಹೋದ ಆ ಹೆಂಗಸಿನ ಕಾಲಿನ ಕಡೆಯಿಂದ ಹೇಳಿ ನೋಡಿ. ಕೂತವರೆಲ್ಲ ಮೈಯೆಲ್ಲ ಕಿವಿಯಾಗಿ ಕೇಳುತ್ತಾರೆ. ತವರು, ಅಣ್ಣ, ಭಯ, ಇದೆಲ್ಲ ಅವರಿಗೆ ಹೊಸದಲ್ಲ.

ಒಂದೊಂದು ದೇವಮ್ಮಾಜಿಗೂ ನಾಲ್ಕು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಮಕ್ಕಳಿರುವ ಗುಂಪಿನಲ್ಲಿ ಕಥೆ ತುತ್ತಿನ ಹಾಗಿರಬೇಕು, ಒಂದು ನುಂಗಿದ ಮೇಲೆ ಇನ್ನೊಂದು. ಮಧ್ಯೆ ಯಾವುದೋ ಕೂಸು ಅತ್ತರೆ ನಿಲ್ಲಿಸಿ. ಅದರ ಮೇಲೆ ಗಂಟಲೇರಿಸಿ ಮಾತಾಡಬೇಡಿ. ತಾಯಿ ಎದ್ದು ನಿಂತರೆ ನೀವೂ ಎದ್ದು ನಿಂತು, ನಿಮ್ಮ ಮಗಳನ್ನು ತೂಗುತ್ತಾ ಮುಂದುವರಿಸಿ. ಆಗ ಅವಳಿಗೆ ತನ್ನಿಂದ ತೊಂದರೆ ಆಯಿತು ಅನ್ನಿಸುವುದಿಲ್ಲ. ಇನ್ನೊಂದು ಸಣ್ಣ ವಿಷಯ. ನೀವು ಬಿಸಿಲಿಗೆ ಮುಖ ಮಾಡಿ ನಿಲ್ಲಿ. ಆಗ ನಿಮ್ಮನ್ನು ನೋಡುವ ತಾಯಂದಿರ ಕಣ್ಣಿಗೂ ಮಕ್ಕಳ ಕಣ್ಣಿಗೂ ಬಿಸಿಲು ಹೊಡೆಯುವುದಿಲ್ಲ.

ಅಲ್ಲಿಂದ ಕೋಟೆಯೊಳಗೇ ಇರುವ ಹಳೆಯ ಚರ್ಚಿಗೆ ಬನ್ನಿ. 1859ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು, ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಬಣ್ಣದ ಗಾಜಿನ ಕಿಟಕಿಗಳಿವೆ. ಮೂರು ನಾಲ್ಕು ತಿಂಗಳ ಮಕ್ಕಳು ಆ ಬಣ್ಣದ ಬೆಳಕನ್ನೇ ನೋಡುತ್ತಾ ತಣ್ಣಗಾಗಿಬಿಡುತ್ತವೆ, ನಾನು ಎಷ್ಟೋ ಸಲ ಕಂಡಿದ್ದೇನೆ. ಒಳಗಿರುವ ಕತ್ತಿ, ಬಂದೂಕು, ವಿಗ್ರಹಗಳನ್ನೆಲ್ಲ ತೋರಿಸಲು ಹೋಗಬೇಡಿ. ಆ ಕಿಟಕಿಯ ಕೆಳಗೆ ನಿಂತು ಗೌರಮ್ಮನ ಕಥೆ ಹೇಳಿ.

ಚಿಕ್ಕವೀರರಾಜೇಂದ್ರನನ್ನು ಇಲ್ಲಿಂದ ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸಿದರು. ಕಾಶಿಯಲ್ಲಿ 1841ರಲ್ಲಿ ಅವನಿಗೆ ಗೌರಮ್ಮ ಹುಟ್ಟಿದಳು. 1852ರಲ್ಲಿ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಅಲ್ಲಿ ಅವಳನ್ನು ಕ್ರೈಸ್ತ ಧರ್ಮಕ್ಕೆ ಸೇರಿಸಿದರು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಹನ್ನೊಂದು ವರ್ಷದ ಹುಡುಗಿ ವಿಕ್ಟೋರಿಯಾ ಗೌರಮ್ಮ ಆದಳು. 1860ರಲ್ಲಿ ಕರ್ನಲ್ ಕ್ಯಾಂಪ್‌ಬೆಲ್ ಎಂಬವನ ಜೊತೆ ಮದುವೆ. 1861ರಲ್ಲಿ ಒಂದು ಹೆಣ್ಣು ಮಗು. ಆ ಮಗುವಿಗೆ ಎಡಿತ್ ವಿಕ್ಟೋರಿಯಾ ಗೌರಮ್ಮ ಅಂತ ಹೆಸರಿಟ್ಟರು. 1864ರಲ್ಲಿ ತಾಯಿ ತೀರಿಕೊಂಡಾಗ ಆ ಮಗುವಿಗೆ ಇನ್ನೂ ಮೂರು ತುಂಬಿರಲಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಗೌರಮ್ಮನ ಸಮಾಧಿ ಇದೆ. ಈ ಬೆಟ್ಟ, ಈ ಮಂಜು ಯಾವುದೂ ಅವಳ ಪಾಲಿಗೆ ಬರಲಿಲ್ಲ, ಅವಳ ಹೆಸರಿನಲ್ಲಿ ಮಾತ್ರ ಉಳಿಯಿತು. ಅದನ್ನು ಅವಳು ತನ್ನ ಮಗಳಿಗೂ ಕೊಟ್ಟು ಹೋದಳು.

ಈ ಕಥೆ ಹೇಳಿದ ಮೇಲೆ ಒಂದು ಪ್ರಶ್ನೆ ಕೇಳಿ. "ನಿಮ್ಮ ಮಗುವಿಗೆ ಹೆಸರಿಟ್ಟಿದ್ದು ಯಾರು? ಯಾರ ಹೆಸರು?" ಬರುವ ಉತ್ತರಗಳನ್ನು ನೀವೇ ಕೇಳಬೇಕು. ಒಬ್ಬಳು ಅಜ್ಜಿಯ ಹೆಸರು ಅನ್ನುತ್ತಾಳೆ, ಒಬ್ಬಳು ಕಾವೇರಿ ಅನ್ನುತ್ತಾಳೆ, ಇನ್ನೊಬ್ಬಳು ಗಂಡನ ಮನೆಯವರು ಒಪ್ಪಲಿಲ್ಲ ಅನ್ನುತ್ತಾಳೆ. ಚರಿತ್ರೆ ಅವರ ಮಡಿಲಿಗೇ ಬಂದು ಕೂತ ಹಾಗೆ.

ಇನ್ನೊಬ್ಬ ಗೌರಮ್ಮನನ್ನೂ ಮರೆಯಬೇಡಿ. ಕೊಡಗಿನ ಗೌರಮ್ಮ ಅಂತಲೇ ಕನ್ನಡಕ್ಕೆ ಗೊತ್ತಿರುವ ಕಥೆಗಾರ್ತಿ. 1912ರಲ್ಲಿ ಇದೇ ಮಡಿಕೇರಿಯಲ್ಲಿ ಹುಟ್ಟಿದವರು. ಟೆನಿಸ್ ಆಡುತ್ತಿದ್ದರು, ಈಜುತ್ತಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ತಮ್ಮ ಮನೆಗೂ ಬರಬೇಕು ಅಂತ ಉಪವಾಸ ಕೂತರು. ಗಾಂಧೀಜಿ ಬಂದರು. ಇವರು ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟುಬಿಟ್ಟರು. ಆಗ ವಯಸ್ಸು ಇಪ್ಪತ್ತೆರಡರ ಆಸುಪಾಸು. ವಿಧವೆಯರ, ಮೋಸಹೋದ ಹುಡುಗಿಯರ ಕಥೆಗಳನ್ನು ಆ ಕಾಲದಲ್ಲಿ ನೇರವಾಗಿ ಬರೆದವರು. 1939ರ ಏಪ್ರಿಲ್‌ನಲ್ಲಿ ಈಜಲು ಹೋಗಿ ನೀರಿನ ಸುಳಿಗೆ ಸಿಕ್ಕಿ ಹೋಗಿಬಿಟ್ಟರು, 27 ವರ್ಷಕ್ಕೇ. ನಿಮ್ಮ ನಡಿಗೆಗೆ ಬರುವ ಎಷ್ಟೋ ತಾಯಂದಿರಿಗೆ ಸರಿಯಾಗಿ ಅದೇ ವಯಸ್ಸು. ಅವರ ಒಂದು ಕಥೆಯ ಒಂದು ಪುಟವನ್ನು ಗಟ್ಟಿಯಾಗಿ ಓದಿ ಹೇಳಿ. ಹಾಲು ಕುಡಿಸುತ್ತಾ ಕೇಳುವುದಕ್ಕೆ ಅದಕ್ಕಿಂತ ಒಳ್ಳೆಯದು ಇಲ್ಲ.

ಕೋಟೆಯಿಂದ ಹೊರಡುವ ಮುಂಚೆ ಮಾರಿಯಮ್ಮನ ಮಾತು ಬರಲಿ. ಗುಡಿಯವರೆಗೂ ಹೋಗಬೇಕು ಅಂತಿಲ್ಲ. ಮಡಿಕೇರಿ ದಸರಾ ಅಂದರೆ ನಾಲ್ಕು ಕರಗ ಅಲ್ವಾ, ಕುಂದುರುಮೊಟ್ಟೆ ಚೌಟಿ ಮಾರಿಯಮ್ಮ, ದಂಡಿನ ಮಾರಿಯಮ್ಮ, ಕಂಚಿ ಕಾಮಾಕ್ಷಿಯಮ್ಮ, ಕೋಟೆ ಮಾರಿಯಮ್ಮ. ರಾಜರ ಕಾಲದಲ್ಲಿ ಊರಿಗೆ ರೋಗ ಬಡಿದಾಗ ಈ ನಾಲ್ವರು ಅಮ್ಮಂದಿರನ್ನು ಊರು ಸುತ್ತಿಸಿದರು, ಅದೇ ಕರಗವಾಗಿ ನಿಂತಿತು ಅಂತ ಹಿರಿಯರು ಹೇಳುತ್ತಾರೆ. ದಸರಾವನ್ನು ಮಂಟಪ, ದೀಪ, ಡಿಜೆ ಅಂತ ನೋಡುವ ನಮಗೆ ಅದರ ಬೇರಿನಲ್ಲಿ ಮಕ್ಕಳ ಜ್ವರಕ್ಕೆ ಹೆದರಿದ ತಾಯಂದಿರು ಇದ್ದಾರೆ ಅನ್ನುವುದು ಮರೆತೇ ಹೋಗಿದೆ.

ಇದನ್ನು ಹೇಳುವಾಗ ಒಂದು ಸಲ ಒಬ್ಬ ಅಜ್ಜಿ ಏನೂ ಮಾತಾಡದೆ ರವಿಕೆಯ ತೋಳು ಮೇಲೆ ಸರಿಸಿದರು. ತೋಳಿನಲ್ಲಿ ಎರಡು ದುಂಡು ಕಲೆ, ನಾಲ್ಕಾಣೆ ನಾಣ್ಯದಷ್ಟು ಅಗಲ, ಚರ್ಮ ಸುಕ್ಕುಗಟ್ಟಿ ಒಳಗೆ ಹೋಗಿತ್ತು. ಸಿಡುಬಿಗೆ ಹಾಕಿಸಿದ ಅಚ್ಚು. "ನಮ್ಮ ಕಾಲದಲ್ಲಿ ದೇವಿ ಹಾಕುವವರು ಬಂದರೆ ನಾವೆಲ್ಲ ಅಟ್ಟ ಹತ್ತಿ ಕೂರುತ್ತಿದ್ದೆವು" ಅಂದರು. ಪಕ್ಕದಲ್ಲಿದ್ದ ಸೊಸೆ ತನ್ನ ತೋಳಿನ ಬಿಸಿಜಿ, ಅಂದರೆ ಕ್ಷಯದ ಲಸಿಕೆಯ ಗುರುತು ತೋರಿಸಿದಳು. ಆಮೇಲೆ ಮಗುವಿನ ಸ್ವೆಟರ್ ಸರಿಸಿ ಅದರ ತೋಳಿನಲ್ಲಿ ಈಗಷ್ಟೇ ಒಣಗಿದ್ದ ಸಣ್ಣ ಗುರುತು ತೋರಿಸಿದಳು. ಮೂರು ತಲೆಮಾರಿನ ಮೂರು ತೋಳು ಒಂದರ ಪಕ್ಕ ಒಂದು. ಭಾರತದಲ್ಲಿ ಸಿಡುಬು ಕೊನೆಯ ಸಲ ಕಂಡಿದ್ದು 1975ರಲ್ಲಿ. ಈ ಒಂದು ಮಾತು ಹೇಳಿದೆ, ಬೇರೆ ಏನೂ ಹೇಳಲಿಲ್ಲ. ಅದಕ್ಕೇ ಅಜ್ಜಿಯರನ್ನು ಕರೆಯಿರಿ ಅಂದದ್ದು. ಅವರಿಂದ ಹಣ ತಗೊಳ್ಳಬೇಡಿ.

ಇಳಿದು ಓಂಕಾರೇಶ್ವರಕ್ಕೆ ಬನ್ನಿ. 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು. ಗುಮ್ಮಟ ಇರುವ ದೇವಸ್ಥಾನ, ಮುಂದೆ ಕೆರೆ, ಕೆರೆಯಲ್ಲಿ ಮೀನು. ಮಕ್ಕಳಿಗೆ ಮೀನು ಸಾಕು, ನೀವು ಯಾವ ಆಟಿಕೆಯನ್ನೂ ತರಬೇಕಿಲ್ಲ. ಆದರೆ ಮೆಟ್ಟಿಲ ಅಂಚಿಗೆ ಯಾರೂ ಹೋಗದ ಹಾಗೆ ಒಬ್ಬರನ್ನು ನಿಲ್ಲಿಸಿ. ತೆವಳುವ ಮಕ್ಕಳಿದ್ದರೆ ಕೆಳಗೆ ಬಿಡುವುದೇ ಬೇಡ. ಪಾಚಿ ಕಟ್ಟಿದ ಕಲ್ಲು ನಂಬುವ ಹಾಗಿಲ್ಲ.

ನೀರಿನ ಹತ್ತಿರ ನೀರಿನ ಕಥೆ. ಕೊಡವರ ಮದುವೆಯ ಗಂಗಾಪೂಜೆ ನಿಮಗೆ ಗೊತ್ತು. ಹೊಸ ಮದುಮಗಳು ಬಾವಿಯಿಂದ ನೀರು ಹೊತ್ತು ಮನೆಗೆ ಬರಬೇಕು. ಗಂಡಿನ ಕಡೆಯವರು ಅವಳ ಮುಂದೆ ಕುಣಿಯುತ್ತಾ ದಾರಿ ಕಟ್ಟುತ್ತಾರೆ. ತಲೆಯ ಮೇಲೆ ತುಂಬಿದ ಕೊಡ, ಸುತ್ತ ಓಲಗ, ಅವಳು ಅಲುಗಾಡದೆ ನಿಂತಿರಬೇಕು. ನೋಡುವವರಿಗೆ ಸಂಭ್ರಮ. ಆ ಹುಡುಗಿಗೆ ಕುತ್ತಿಗೆ ನೋವು. ಎರಡನ್ನೂ ಹೇಳಿ. ಗಂಗಾಪೂಜೆ ಮಾಡಿದ ತಾಯಂದಿರು ಗುಂಪಿನಲ್ಲಿದ್ದರೆ ಅವರೇ ಹೇಳಲಿ, ಎಷ್ಟು ಹೊತ್ತು ನಿಂತಿದ್ದರು, ಆಗ ಏನು ಯೋಚನೆ ಮಾಡುತ್ತಿದ್ದರು ಅಂತ. ನೀರಿನ ಕೊಡ ಹೊತ್ತ ಅದೇ ನಿಲುವಿನಲ್ಲಿ ಈಗ ಕೂಸು ಹೊತ್ತಿದ್ದಾರೆ.

ಕೊಡವ ಸೀರೆಯ ನೆರಿಗೆಯ ಕಥೆಗೂ ಇದೇ ಜಾಗ ಸರಿ. ಅಗಸ್ತ್ಯರ ಕಮಂಡಲದಿಂದ ಹರಿದ ಕಾವೇರಿ ಬಲಮುರಿಯಲ್ಲಿ ರಭಸವಾಗಿ ಬಂದಾಗ ಹೆಂಗಸರ ನೆರಿಗೆ ಹಿಂದಕ್ಕೆ ತಿರುಗಿತು ಅನ್ನುವ ಐತಿಹ್ಯ. ನಿಮ್ಮ ಬ್ಯಾಗಿನಲ್ಲಿ ಒಂದು ಸೀರೆ ಇಟ್ಟುಕೊಳ್ಳಿ. ಬೇರೆ ಊರಿಂದ ಬಂದ ತಾಯಿಗೆ ಚೂಡಿದಾರದ ಮೇಲೆಯೇ ಉಡಿಸಿ, ನೆರಿಗೆ ಹಿಂದೆ, ಸೆರಗು ಬಲ ಭುಜದ ಮೇಲೆ. ಆಮೇಲೆ ಮಗುವನ್ನು ಸೊಂಟದ ಮೇಲೆ ಕೂರಿಸಿ ನಾಲ್ಕು ಹೆಜ್ಜೆ ನಡೆಸಿ. ಮುಂದೆ ನೆರಿಗೆ ಇಲ್ಲ, ಮಗುವಿನ ಕಾಲಿಗೆ ಸಿಕ್ಕಿ ಬಿಚ್ಚಿಹೋಗುವ ಭಯವೂ ಇಲ್ಲ. ಜೋಮಾಲೆ, ಪತ್ತಾಕ್ ಅಂತ ಕೊರಳಿನ ಕೊಡವ ಒಡವೆ ಯಾರಾದರೂ ಹಾಕಿಕೊಂಡು ಬಂದರೆ ಮಾತ್ರ ಕೂಸುಗಳು ಬಿಡುವುದಿಲ್ಲ, ಎಳೆದೇ ಎಳೆಯುತ್ತವೆ.

ಇಲ್ಲಿಗೆ ನಡಿಗೆ ಮುಗಿಸಿ, ಕಾಫಿ ಕುಡಿಯುವ ಹೊತ್ತಿಗೆ ಒಂದು ಮಾತು ಉಳಿಸಿಕೊಳ್ಳಿ. ಆ ಲೋಟದೊಳಗೂ ಹೆಂಗಸರಿದ್ದಾರೆ. ಮಡಿಕೇರಿಯ ಹತ್ತಿರ 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ತೋಟ ಮಾಡಿದ ಅಂತ ಎಲ್ಲರೂ ಹೇಳುತ್ತಾರೆ. ಹಣ್ಣು ಕೊಯ್ದ ಕೈಗಳ ಹೆಸರು ಯಾರೂ ಬರೆದಿಡಲಿಲ್ಲ. ಯರವ, ಪಣಿಯ, ಕುರುಬ ಹೆಂಗಸರು, ಘಟ್ಟದ ಕೆಳಗಿನಿಂದ, ತಮಿಳುನಾಡಿನಿಂದ, ಮೈಸೂರು ಸೀಮೆಯಿಂದ ಬಂದವರು, ಈಗ ಅಸ್ಸಾಮಿನಿಂದ ಬರುವವರು. ಕಾಫಿ ಕುಯ್ಲಿನ ಹೊತ್ತಿಗೆ ಯಾವುದಾದರೂ ತೋಟದ ಬದಿಯಲ್ಲಿ ನಿಂತು ನೋಡಿ. ಸಿಲ್ವರ್ ಮರದ ಕೊಂಬೆಗೆ ಹಳೆ ಸೀರೆಯ ಜೋಲಿ. ಒಳಗೆ ಕೂಸು. ಅಕ್ಕನಿಗೆ ಐದೋ ಆರೋ ವರ್ಷ, ಅವಳು ಹಗ್ಗ ಎಳೆಯುತ್ತಾಳೆ. ತಾಯಿ ಎರಡು ಸಾಲು ಆಚೆ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹಣ್ಣು ಉದುರಿಸುತ್ತಾಳೆ. ಜೋಲಿ ಅಲುಗಾಡುವುದು ನಿಂತರೆ ಅವಳ ಕೈಯೂ ಒಂದು ಕ್ಷಣ ನಿಲ್ಲುತ್ತದೆ.

1951ರ ಪ್ಲಾಂಟೇಷನ್ ಕಾರ್ಮಿಕರ ಕಾಯ್ದೆ ದೊಡ್ಡ ತೋಟಗಳಲ್ಲಿ ಶಿಶುವಿಹಾರ ಇರಬೇಕು ಅಂದಿತು, 50 ಅಥವಾ ಅದಕ್ಕಿಂತ ಜಾಸ್ತಿ ಹೆಂಗಸರು ಕೆಲಸ ಮಾಡುವಲ್ಲಿ. ಚಿಕ್ಕ ತೋಟಗಳಿಗೆ ಅದು ತಲುಪಲಿಲ್ಲ. ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸದವರ ಸಾಲುಮನೆಯಲ್ಲಿ ಬೆಳೆದ ಹೆಂಗಸರು ನಮ್ಮ ಊರಲ್ಲಿ ಎಷ್ಟೋ ಜನ ಇದ್ದಾರೆ. ಒಬ್ಬರನ್ನು ಕೇಳಿಕೊಂಡು ಕರೆತನ್ನಿ, ಅವರ ಹೊತ್ತಿಗೆ ಒಂದು ದಿನದ ಕೂಲಿಯಷ್ಟಾದರೂ ಕೊಡಿ. ಅವರ ಕಥೆಯನ್ನು ನೀವು ಹೇಳುವುದಕ್ಕಿಂತ ಅವರೇ ಹೇಳುವುದು ಮೇಲು. ಶುಕ್ರವಾರದ ಸಂತೆಯಲ್ಲಿ ಸೊಪ್ಪು, ಒಣಮೀನು ಮಾರುವ ಹೆಂಗಸರ ಹತ್ತಿರವೂ ಹೋಗಬಹುದು. ಆದರೆ ಆರು ಜನ ಗುಂಪುಗೂಡಿ ಅವರ ವ್ಯಾಪಾರಕ್ಕೆ ಅಡ್ಡ ನಿಲ್ಲಬೇಡಿ. ಏನಾದರೂ ಕೊಂಡುಕೊಳ್ಳಿ, ಆಮೇಲೆ ಮಾತಾಡಿ. ಕೇಳದೆ ಫೋಟೋ ತೆಗೆಯುವುದಂತೂ ಬೇಡವೇ ಬೇಡ. ತೋಟದ ಮಕ್ಕಳ ಫೋಟೋ, ಬಂದ ತಾಯಂದಿರ ಮಕ್ಕಳ ಫೋಟೋ, ಎರಡಕ್ಕೂ ಇದೇ ನಿಯಮ.

ಗದ್ದಿಗೆಯನ್ನು ಎರಡನೇ ನಡಿಗೆಗೆ ಇಡಿ. ಆಟೋದಲ್ಲಿ ಹೋಗಿ, ಹುಲ್ಲಿನ ಮೇಲೆ ಕೂತು, ಆಟೋದಲ್ಲಿ ವಾಪಸ್. ದೊಡ್ಡವೀರರಾಜೇಂದ್ರನ ಪಕ್ಕ ಮಹದೇವಮ್ಮಾಜಿ, ಲಿಂಗರಾಜೇಂದ್ರನ ಪಕ್ಕ ದೇವಮ್ಮಾಜಿ, ಒಂದೊಂದು ಗುಮ್ಮಟದ ಕೆಳಗೆ ಇಬ್ಬಿಬ್ಬರು. ಮೂರನೆಯದಕ್ಕೆ ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ಸನ್ನಿ ಸೈಡ್ ಆಗಬಹುದು, ಈಗ ಅದು ಮ್ಯೂಸಿಯಂ. ಎಲ್ಲರೂ ಅಲ್ಲಿ ಯುದ್ಧ ಟ್ಯಾಂಕು ನೋಡಿ ಬರುತ್ತಾರೆ. ನೀವು ಅವರ ತಾಯಿ ಸೀತಮ್ಮನವರ ಬಗ್ಗೆ ಹೇಳಿ. ಸಮಾಜಸೇವೆಗಾಗಿ ಕೈಸರ್‌-ಇ-ಹಿಂದ್ ಪದಕ ಪಡೆದವರು. ಸೇನಾಪತಿಯನ್ನು ಸಾಕಿದ ಮನೆಯಲ್ಲಿ ತಾಯಿಗೂ ಪದಕ ಬಂದಿತ್ತು ಅನ್ನುವುದು ಮಕ್ಕಳ ತಾಯಂದಿರಿಗೆ ಗೊತ್ತಾಗಲಿ.

ಮಗುವನ್ನು ಎತ್ತಿಕೊಳ್ಳುವ ಬಗ್ಗೆ. ನಮ್ಮ ಊರಿಗೆ ತಳ್ಳುಗಾಡಿ ಆಗುವುದಿಲ್ಲ. ಫುಟ್‌ಪಾತ್ ಎಲ್ಲಿ ಮುಗಿಯುತ್ತದೆ ಅಂತ ಹೇಳಲಾಗದು. ಬಟ್ಟೆಯಲ್ಲಿ ಕಟ್ಟಿಕೊಳ್ಳುವುದೇ ಸರಿ, ಬೇಬಿ ಕ್ಯಾರಿಯರ್ ಆಗಲಿ ಗಟ್ಟಿ ಸೀರೆಯಾಗಲಿ. ಹೊರಡುವ ಮುಂಚೆ ಪ್ರತಿ ಕೂಸನ್ನೂ ಒಂದು ಸಲ ನೀವೇ ನೋಡಿ. ಮುಖ ಬಟ್ಟೆಯೊಳಗೆ ಹೂತಿರಬಾರದು. ಗಲ್ಲ ಎದೆಗೆ ಒತ್ತಿರಬಾರದು, ಗಲ್ಲದ ಕೆಳಗೆ ಒಂದು ಬೆರಳಷ್ಟಾದರೂ ಸಂದು ಬೇಕು. ತಾಯಿ ತಲೆ ಬಗ್ಗಿಸಿದರೆ ಮಗುವಿನ ನೆತ್ತಿಗೆ ಮುತ್ತು ಕೊಡುವಷ್ಟು ಮೇಲಿರಬೇಕು. ಬೆನ್ನಿಗೆ ಆಧಾರ ಇರಬೇಕು. ಚಳಿ ಅಂತ ಮೇಲಿಂದ ಶಾಲು ಹೊದಿಸಿ ಮುಖ ಮುಚ್ಚುವವರು ಬಹಳ ಜನ, ಅದನ್ನು ಮೆಲ್ಲಗೆ ಸರಿಸಿ ಹೇಳಿ. ಕುಲಾವಿ, ಕಾಲುಚೀಲ ಸಾಕು. ತಾಯಿಯ ಮೈಯ ಬಿಸಿಯೇ ಅರ್ಧ ಸ್ವೆಟರ್. ಇನ್ನೂ ಕತ್ತು ನಿಲ್ಲದ ಮಕ್ಕಳನ್ನು ನಾನು ಕರೆಯುವುದಿಲ್ಲ. ಮೂರು ನಾಲ್ಕು ತಿಂಗಳು ಆಗಲಿ, ತಾಯಿಯ ಮೈಯೂ ಕೂಡಿಕೊಳ್ಳಲಿ. ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಬರಲಿ.

ಹಾಲಿನ ವಿಷಯ. ಆರು ತಿಂಗಳೊಳಗಿನ ಮಗುವಿಗೆ ತಾಯಿಯ ಹಾಲು ಬಿಟ್ಟರೆ ನೀರೂ ಬೇಡ ಅನ್ನುತ್ತಾರೆ ವೈದ್ಯರು. ಅಂದಮೇಲೆ ನಡಿಗೆಯಲ್ಲಿ ಎಲ್ಲಾದರೂ ಹಾಲು ಕುಡಿಸಲೇಬೇಕು. ಒಂದು ಕಡೆ ಕಾವಲುಗಾರರೊಬ್ಬರು ಬಂದು "ಇಲ್ಲೆಲ್ಲ ಕುಡಿಸಬಾರದು" ಅಂದಿದ್ದರು. ಅವತ್ತು ನಾನು ಜಗಳ ಆಡಲಿಲ್ಲ, ಮರುದಿನ ಹೋಗಿ ಅವರ ಮೇಲಿನವರ ಹತ್ತಿರ ಕೂತು ಮಾತಾಡಿದೆ. ಈಗ ಅದೇ ಜಾಗದಲ್ಲಿ ನಮಗೆ ಕುರ್ಚಿ ಹಾಕಿಕೊಡುತ್ತಾರೆ. ಹೋಗುವ ಪ್ರತಿ ಜಾಗಕ್ಕೂ ಒಂದು ವಾರ ಮುಂಚೆ ಹೋಗಿ ಹೇಳಿ, ಇಷ್ಟು ಜನ ಬರುತ್ತೇವೆ, ಮಕ್ಕಳಿರುತ್ತವೆ, ಹಾಲು ಕುಡಿಸುತ್ತಾರೆ ಅಂತ. ಅರಮನೆಯ ಯಾವ ಭಾಗ ಮುಚ್ಚಿದೆ, ಮ್ಯೂಸಿಯಂಗೆ ರಜೆ ಯಾವಾಗ, ಅದೂ ಆಗಲೇ ಗೊತ್ತಾಗುತ್ತದೆ.

ಮಳೆಗಾಲದಲ್ಲಿ ಮಾಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ ಹೇಗೆ ಅಂತ ನಿಮಗೆ ಹೇಳಬೇಕಾ. ಮಳೆ ನಿಂತ ಮೇಲೂ ಅಕ್ಟೋಬರ್ ಪೂರ್ತಿ ಹುಲ್ಲಿನಲ್ಲಿ ಜಿಗಣೆ ಇರುತ್ತದೆ. ಕೂಸನ್ನು ಹುಲ್ಲಿನ ಮೇಲೆ ಬಿಡಬೇಡಿ, ಕೆಳಗೆ ಟಾರ್ಪಾಲು, ಮೇಲೆ ಕಂಬಳಿ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಮಾರ್ಚಿನಲ್ಲಿ ಹೂಮಳೆ ಬಂದು ಕಾಫಿ ಹೂ ಬಿಟ್ಟ ವಾರ ಸಿಕ್ಕಿದರೆ ಅದಕ್ಕಿಂತ ಚೆಂದ ಬೇರೆ ಇಲ್ಲ. ಮೈಸೂರಿಂದ ಬರುವವರಿಗೆ ಹಿಂದಿನ ದಿನವೇ ಬಂದು ಉಳಿಯಲು ಹೇಳಿ. ಕುಶಾಲನಗರದ ಮೇಲಿನ ತಿರುವುಗಳಲ್ಲಿ ವಾಂತಿ ಮಾಡಿಕೊಂಡ ಕೂಸು ಕೋಟೆ ತಲುಪುವಷ್ಟರಲ್ಲಿ ಸುಸ್ತಾಗಿರುತ್ತದೆ.

ಕೊನೆಯಲ್ಲಿ ನಾನು ತಪ್ಪದೆ ಮಾಡುವ ಒಂದು ಕೆಲಸ ಇದೆ. ಕೆರೆಯ ಹತ್ತಿರ ಕೂತಾಗ ಎಲ್ಲರಿಗೂ ತಮ್ಮ ತಮ್ಮ ಮನೆಯ ಜೋಗುಳ ಹಾಡಲು ಹೇಳುತ್ತೇನೆ. ಮಡಿಕೇರಿಯಲ್ಲಿ ಒಂದು ಗುಂಪು ಕೂಡಿದರೆ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ, ಉರ್ದು, ಕನ್ನಡ ಎಲ್ಲ ಇರುತ್ತದೆ. ಮೊದಲು ನಾಚುತ್ತಾರೆ. ನಿಮ್ಮ ಅತ್ತೆಯವರನ್ನು ಮೊದಲು ಹಾಡಲು ಕೇಳಿ, ನಿಮ್ಮ ಮಗಳು ಅವರ ತೊಡೆಯ ಮೇಲಿರಲಿ.